ಹೊಟ್ಟೆ ಖಾಲಿ ಅಂದ್ರೆ ನಿಜಕ್ಕೂ ಖಾಲಿನಾ?

ಹೋದ ಸಂಚಿಕೆಯಲ್ಲಿ ಆಪರೇಷನ್‌ಗೆ ಮುಂಚಿನ ಉಪವಾಸದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಒಂದೇ ಅನುಮಾನ ಬೇರೆ ಬೇರೆ ರೂಪದಲ್ಲಿ ಕಾಣಿಸಿತು: ನೋವಿನ ಇಂಜೆಕ್ಷನ್, ನಿದ್ದೆ ಮಾತ್ರೆ ತಗೊಂಡರೆ ತಿಂದದ್ದು ಹೊಟ್ಟೆಯಲ್ಲೇ ನಿಂತುಬಿಡುತ್ತದೆಯೇ? ಅರಿವಳಿಕೆ ಡಾಕ್ಟರ್ ಆಗಿರುವ ನನಗೆ ಇದು ದಿನನಿತ್ಯದ ಚಿಂತೆ. 'ಎಷ್ಟೊತ್ತಿಗೆ ತಿಂದೀರಿ' ಅಂತ ಕೇಳಿದರೆ ಎಲ್ಲರೂ ಸರಿಯಾಗಿ ಹೇಳುತ್ತಾರೆ. 'ನೋವಿಗೆ ಏನು ಕೊಟ್ಟಿದ್ದಾರೆ' ಅಂತ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಈ ವಿಷಯಕ್ಕೆ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಅಪ್ಪನಿಗೆ 68 ವರ್ಷ. ಸಂಜೆ 4ಕ್ಕೆ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ ತಿಂದು ಹೊಲಕ್ಕೆ ಹೊರಟವರು 5ಕ್ಕೆ ಬೈಕಿನಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಊರಲ್ಲೇ ನೋವಿಗೆ ಇಂಜೆಕ್ಷನ್ ಕೊಟ್ಟರು. ಕಲಬುರಗಿಗೆ ತಂದ ಮೇಲೆ ರಾತ್ರಿ ಇನ್ನೆರಡು ಸಲ ಕೊಟ್ಟರು. ಮರುದಿನ ಬೆಳಿಗ್ಗೆ 9ಕ್ಕೆ ಥಿಯೇಟರ್‌ಗೆ ಒಯ್ದು, ಹೊಟ್ಟೆ ಮೇಲೆ ಸ್ಕ್ಯಾನ್ ಮಾಡಿ, 'ಇನ್ನೂ ಊಟ ಇದೆ, ಪೂರ್ತಿ ಮತ್ತು ಕೊಡುವುದಿಲ್ಲ, ಬೆನ್ನಿಗೆ ಕೊಡ್ತೀವಿ' ಅಂದರು. 17 ತಾಸಾದ ಮೇಲೂ ಊಟ ಇರುತ್ತದೆಯೇ? ನಮಗೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. (ಚಿತ್ತಾಪುರದಿಂದ ಮಗ)

ಉತ್ತರ: ಇರುತ್ತದೆ. ನಿಮ್ಮ ಅಪ್ಪನ ಹೊಟ್ಟೆ ನೋಡಿದ ಆ ಡಾಕ್ಟರ್ ಸರಿಯಾದ ಕೆಲಸ ಮಾಡಿದ್ದಾರೆ. ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬೇಡಿ.

ಹೇಗೆ ಅಂತ ಹೇಳ್ತೀನಿ ಕೇಳಿ. ನೀರು ಜಠರದಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಸುಮಾರು 20 ನಿಮಿಷದೊಳಗೆ ಸಣ್ಣ ಕರುಳಿಗೆ ಇಳಿದಿರುತ್ತದೆ. ಗಟ್ಟಿ ಊಟದ ಕಥೆ ಬೇರೆ. ಜಠರದ ಕೆಳಭಾಗ ಅದನ್ನು ಬೀಸುಕಲ್ಲಿನ ಹಾಗೆ ಅರೆದು, ಒಂದೆರಡು ಮಿಲಿಮೀಟರ್ ಚೂರುಗಳಾಗುವ ತನಕ ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಆಮೇಲಷ್ಟೇ ಪೈಲೋರಸ್ ಅನ್ನುವ ಬಿಗಿ ಸ್ನಾಯುವಿನ ಉಂಗುರ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ಆರೋಗ್ಯವಾಗಿರುವವರಲ್ಲಿ ಹಗುರ ಊಟಕ್ಕೆ 6 ತಾಸು, ಎಣ್ಣೆ ಮಾಂಸ ಇದ್ದರೆ 8 ತಾಸು ಅಂತ ನಾವು ಲೆಕ್ಕ ಇಟ್ಟಿರುವುದು ಇದಕ್ಕೇ. ಆದರೆ ಆ ಲೆಕ್ಕ ಆರಾಮಾಗಿ ಮನೆಯಿಂದ ಎದ್ದು ಬಂದವರಿಗೆ. ಬಿದ್ದು, ಮುರಿದುಕೊಂಡು, ಗಾಬರಿಯಾಗಿ, ನೋವಿನಲ್ಲಿ ನರಳುತ್ತಾ ಬಂದವರಿಗೆ ಅಲ್ಲ. ಪೆಟ್ಟು ಬಿದ್ದ ಹೊತ್ತಿಗೇ ಜಠರದ ಕೆಲಸ ನಿಧಾನವಾಗಿಬಿಡುತ್ತದೆ. ಹಾಗಾಗಿ ಅಪಘಾತದಲ್ಲಿ ನಾವು ಕೇಳುವುದು ಊಟದಿಂದ ಆಪರೇಷನ್‌ವರೆಗೆ ಎಷ್ಟು ತಾಸು ಅಂತ ಅಲ್ಲ, ಊಟದಿಂದ ಪೆಟ್ಟು ಬೀಳುವವರೆಗೆ ಎಷ್ಟು ಅಂತ. ನಿಮ್ಮ ಅಪ್ಪನಿಗೆ ಅದು ಒಂದೇ ತಾಸು.

ಅದರ ಮೇಲೆ ನೋವಿನ ಇಂಜೆಕ್ಷನ್. ಮೂಳೆ ಮುರಿದಾಗ ಕೊಡುವ ಮಾರ್ಫಿನ್, ಪೆಥಿಡಿನ್, ಫೆಂಟನಿಲ್, ಪೆಂಟಾಜೋಸಿನ್ (ಫೋರ್ಟ್ವಿನ್ ಅಂತ ಬರುತ್ತದಲ್ಲ, ಅದು), ಟ್ರಮಡಾಲ್ ಇವೆಲ್ಲ ಅಫೀಮಿನ ಗುಂಪಿನ ಔಷಧಗಳು. ಇವು ಮೆದುಳಿನಲ್ಲಿ ಯಾವ ಗ್ರಾಹಕಕ್ಕೆ (ರಿಸೆಪ್ಟರ್, ಅಂದರೆ ಔಷಧ ಹೋಗಿ ಕೂರುವ ಜಾಗ) ಅಂಟಿಕೊಂಡು ನೋವು ಇಳಿಸುತ್ತವೋ, ಅದೇ ಗ್ರಾಹಕ ಜಠರ ಮತ್ತು ಕರುಳಿನ ಗೋಡೆಯೊಳಗಿನ ನರಗಳಲ್ಲೂ ಇದೆ. ಅಲ್ಲಿ ಅಂಟಿಕೊಂಡರೆ ಅರೆಯುವ ಕೆಲಸ ಕುಗ್ಗುತ್ತದೆ, ಪೈಲೋರಸ್ ಇನ್ನಷ್ಟು ಬಿಗಿಯುತ್ತದೆ. ಊಟ ಇದ್ದಲ್ಲೇ ಇರುತ್ತದೆ. ಟ್ರಮಡಾಲ್ ಈ ವಿಷಯದಲ್ಲಿ ಮಾರ್ಫಿನ್‌ನಷ್ಟು ಜೋರಲ್ಲ, ಆದರೂ ಸ್ವಲ್ಪ ನಿಧಾನ ಮಾಡಿಯೇ ಮಾಡುತ್ತದೆ. ಸೊಂಟಕ್ಕೆ ಕೊಟ್ಟರೂ ಅಷ್ಟೇ, ರಕ್ತನಾಳಕ್ಕೆ ಕೊಟ್ಟರೂ ಅಷ್ಟೇ. 'ಸಲೈನ್‌ನಲ್ಲಿ ಹಾಕಿದರು, ಹೊಟ್ಟೆಗೇನೂ ಹೋಗಿಲ್ಲ' ಅಂತ ಬಹಳ ಜನ ಹೇಳುತ್ತಾರೆ. ಔಷಧ ರಕ್ತದಲ್ಲಿ ಸೇರಿದ ಮೇಲೆ ಎಲ್ಲ ಕಡೆಗೂ ಹೋಗುತ್ತದೆ.

ಇಂಥ ಹೊಟ್ಟೆ ಇಟ್ಟುಕೊಂಡು ಪೂರ್ತಿ ಮತ್ತು ಕೊಟ್ಟರೆ ಒಳಗಿರುವುದು ಗಂಟಲಿಗೆ ಏರಿ, ಶ್ವಾಸಕೋಶಕ್ಕೆ ಇಳಿಯಬಹುದು. ಎಚ್ಚರ ಇದ್ದವರು ಕೆಮ್ಮಿ ಉಗುಳುತ್ತಾರೆ, ಮತ್ತಿನಲ್ಲಿದ್ದವರಿಗೆ ಆ ಕೆಮ್ಮು ಬರುವುದಿಲ್ಲ. ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿ ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತದೆ, ಗಂಟಲ ಕಾವಲು ಹಾಗೇ ಇರುತ್ತದೆ. ಹೊಟ್ಟೆ ಮೇಲಿನ ಆ ಸ್ಕ್ಯಾನ್‌ನಲ್ಲಿ ನೀರು ಕಪ್ಪಾಗಿ ಕಾಣುತ್ತದೆ, ಗಟ್ಟಿ ಊಟ ಮಂಜು ಕವಿದ ಹಾಗೆ ಬೂದಾಗಿ ಕಾಣುತ್ತದೆ. ಐದು ನಿಮಿಷದ ಕೆಲಸ. ನಮ್ಮ ಭಾಗದಲ್ಲಿ ಇದು ಎಲ್ಲ ಕಡೆ ಆಗಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಒಂದು ಮಾತು. ಇದನ್ನು ಓದಿ ಯಾರೂ 'ನೋವಿನ ಇಂಜೆಕ್ಷನ್ ಬೇಡ' ಅನ್ನಬೇಡಿ. ನೋವು ತಾನೇ ಜಠರವನ್ನು ನಿಲ್ಲಿಸುತ್ತದೆ, ವಯಸ್ಸಾದವರಿಗೆ ಹೃದಯದ ಮೇಲೂ ಭಾರ. ಪ್ಯಾರಾಸಿಟಮಾಲ್ ಸಲೈನ್, ತೊಡೆಯ ನರಕ್ಕೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಇವುಗಳನ್ನು ಸೇರಿಸಿದರೆ ಅಫೀಮಿನ ಗುಂಪಿನದ್ದು ಕಡಿಮೆ ಸಾಕಾಗುತ್ತದೆ. ಅದನ್ನು ಕೇಳಿ.

ಪ್ರಶ್ನೆ: ನನ್ನ ಮಗಳಿಗೆ ಮೊದಲ ಹೆರಿಗೆ. ನೋವು ಶುರುವಾದಾಗ ಶಕ್ತಿ ಬರಲಿ ಅಂತ ಬಿಸಿ ಸಜ್ಜಕಕ್ಕೆ ತುಪ್ಪ ಹಾಕಿ ತಿನ್ನಿಸಿದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಸಿಕ್ಕಾಪಟ್ಟೆ ಬೈದರು. ನಮ್ಮ ಕಾಲದಲ್ಲಿ ಎಲ್ಲರೂ ತಿನ್ನುತ್ತಿದ್ದೆವು. ನೋವು ಕಡಿಮೆಯಾಗಲು ಇಂಜೆಕ್ಷನ್ ಕೊಟ್ಟ ಮೇಲೆ ಅವಳು ಎಲ್ಲಾ ವಾಂತಿ ಮಾಡಿಕೊಂಡಳು. ಸಜ್ಜಕದಿಂದ ಆಯಿತೋ, ಇಂಜೆಕ್ಷನ್‌ನಿಂದ ಆಯಿತೋ? (ಭಾಲ್ಕಿಯಿಂದ ಒಬ್ಬ ತಾಯಿ)

ಉತ್ತರ: ಅಕ್ಕಾ, ಎರಡೂ ಸೇರಿ ಆಯಿತು. ನೀವು ಪ್ರೀತಿಯಿಂದ ಮಾಡಿದ್ದಕ್ಕೆ ಯಾರೂ ಬೈಯಬಾರದಿತ್ತು, ಕೂತು ತಿಳಿಸಿ ಹೇಳಿದ್ದರೆ ಸಾಕಿತ್ತು.

ಬಸುರಿಯಲ್ಲಿ ಜಠರ ಮಾಮೂಲಿನ ಹಾಗೇ ಕೆಲಸ ಮಾಡುತ್ತಿರುತ್ತದೆ. ಎದೆಯುರಿ ಜಾಸ್ತಿ ಇರುತ್ತದೆ ಅಷ್ಟೇ. ಹೆರಿಗೆ ನೋವು ಜೋರಾದ ಮೇಲೆ ಗಟ್ಟಿ ಊಟ ಕೆಳಗಿಳಿಯುವುದು ನಿಧಾನವಾಗುತ್ತದೆ, ಅದರಲ್ಲೂ ತುಪ್ಪ ಇದ್ದರೆ ಇನ್ನೂ ನಿಧಾನ, ಯಾಕಂದರೆ ಕೊಬ್ಬು ಸಣ್ಣ ಕರುಳಿಗೆ ತಾಗಿದ ಕೂಡಲೇ ಅಲ್ಲಿಂದ 'ಸ್ವಲ್ಪ ತಡಿ' ಅನ್ನುವ ಸೂಚನೆ ಜಠರಕ್ಕೆ ಹೋಗುತ್ತದೆ. ಆಮೇಲೆ ಪೆಥಿಡಿನ್, ಪೆಂಟಾಜೋಸಿನ್, ಟ್ರಮಡಾಲ್ ಇಂಥದ್ದು ಯಾವುದಾದರೂ ಕೊಟ್ಟರೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಈ ಔಷಧಗಳು ವಾಂತಿಯನ್ನೂ ತರುತ್ತವೆ.

ಆಸ್ಪತ್ರೆಯವರು ಯಾಕೆ ಇಷ್ಟು ಹೆದರುತ್ತಾರೆ ಅನ್ನುವುದಕ್ಕೆ ಹಳೆಯ ಕಾರಣ ಇದೆ. 1946ರಲ್ಲಿ ನ್ಯೂಯಾರ್ಕಿನ ಹೆರಿಗೆ ಡಾಕ್ಟರ್ ಕರ್ಟಿಸ್ ಮೆಂಡೆಲ್ಸನ್ ತಮ್ಮ ಆಸ್ಪತ್ರೆಯ 44,016 ಹೆರಿಗೆ ಪ್ರಕರಣಗಳ ದಾಖಲೆ ನೋಡಿ ಬರೆದರು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೋದ ತಾಯಂದಿರು 66. ಗಟ್ಟಿ ಊಟ ಉಸಿರಿನ ದಾರಿಗೆ ಸಿಕ್ಕು ಇಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಹೆಚ್ಚಿನವರಿಗೆ ಹುಳಿ ದ್ರವ ಶ್ವಾಸಕೋಶವನ್ನು ಸುಟ್ಟಿತ್ತು. ಆ ಕಾಯಿಲೆಗೆ ಇವತ್ತಿಗೂ ಅವರ ಹೆಸರೇ ಇದೆ. ಅವಸರದ ಸಿಸೇರಿಯನ್ ಯಾವ ತಾಯಿಗೆ ಬೇಕಾಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ, ಅದಕ್ಕೇ ಈ ಎಚ್ಚರ.

ಹಾಗಂತ ಬಾಯಿ ಒಣಗಿಸಿ ಮಲಗಿಸಬೇಕಿಲ್ಲ. ತೊಂದರೆ ಇಲ್ಲದ ಹೆರಿಗೆಯಲ್ಲಿ ನೀರು, ಹಾಲಿಲ್ಲದ ಚಹಾ, ಸೋಸಿದ ನಿಂಬೆ ಶರಬತ್ತು ಗುಟುಕು ಗುಟುಕಾಗಿ ಕೊಡಬಹುದು. ಬೀದರ್ ಕಡೆ ಬೇಸಿಗೆಯಲ್ಲಿ ಹನ್ನೆರಡು ತಾಸು ನೋವು ತಿನ್ನುವ ಹುಡುಗಿಗೆ ಒಂದು ಹನಿ ನೀರೂ ಕೊಡದೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ಸಜ್ಜಕವನ್ನು ಬಾಣಂತನಕ್ಕೆ ಇಡಿ. ಬೆನ್ನಿನಲ್ಲಿ ಸಣ್ಣ ನಳಿಕೆ ಹಾಕಿ ಕೊಡುವ ಎಪಿಡ್ಯೂರಲ್ ಸಿಗುವ ಕಡೆ ಅದನ್ನೂ ಕೇಳಿ ನೋಡಿ. ಅದರಲ್ಲಿ ಬರೀ ಮರಗಟ್ಟಿಸುವ ಔಷಧ ಇದ್ದರೆ ಜಠರ ನಿಧಾನ ಆಗುವುದಿಲ್ಲ. ಫೆಂಟನಿಲ್ ಒಮ್ಮೆಲೇ ಜಾಸ್ತಿ ಸೇರಿಸಿದರೆ ಆಗುತ್ತದೆ.

ಪ್ರಶ್ನೆ: ನಮ್ಮತ್ತೆ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇದ್ದಾರೆ. ಮೂಗಿನ ಪೈಪಿನಿಂದ ಗಂಜಿ, ಪೌಡರ್ ಹಾಲು ಬಿಡುತ್ತಾರೆ. ಎರಡು ದಿನದಿಂದ ಹಾಕಿದ್ದು ವಾಪಸ್ ಬರುತ್ತಿದೆ ಅಂತ ನಿಲ್ಲಿಸುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಉಪವಾಸ ಕೆಡವಿದರೆ ಹೇಗೆ ಚೇತರಿಸಿಕೊಳ್ಳುತ್ತಾರೆ? (ಕಲಬುರಗಿಯಿಂದ ಸೊಸೆ)

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ವೆಂಟಿಲೇಟರ್ ಪೈಪು ಸಹಿಸಿಕೊಂಡು ಮಲಗಲು ಅವರಿಗೆ ದಿನವಿಡೀ ಔಷಧ ಹನಿಸುತ್ತಿರುತ್ತಾರೆ. ಸಾಮಾನ್ಯವಾಗಿ ನೋವಿಗೆ ಫೆಂಟನಿಲ್ ಅಥವಾ ಮಾರ್ಫಿನ್, ನಿದ್ದೆಗೆ ಮಿಡಜೋಲಾಮ್, ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್. ಹೊಟ್ಟೆ ನಿಲ್ಲಿಸುವುದರಲ್ಲಿ ಮುಖ್ಯ ಪಾಲು ಅಫೀಮಿನ ಗುಂಪಿನದೇ. ಮಾರ್ಫಿನ್ ಜೊತೆ ಮಿಡಜೋಲಾಮ್ ಹಾಕಿದವರಲ್ಲಿ ಜಠರ ಖಾಲಿಯಾಗುವುದು ಪ್ರೊಪೊಫಾಲ್ ಹಾಕಿದವರಿಗಿಂತ ನಿಧಾನ ಅಂತ ಐಸಿಯು ರೋಗಿಗಳಲ್ಲಿ ನೋಡಿದ್ದಾರೆ. ಡೆಕ್ಸ್‌ಮೆಡಿಟೊಮಿಡಿನ್ ಕೂಡ ಹೆಚ್ಚು ಪ್ರಮಾಣದಲ್ಲಿ ನಿಧಾನ ಮಾಡುತ್ತದೆ. ಇದರ ಮೇಲೆ ಸೋಂಕು, ಸಕ್ಕರೆ ಏರಿರುವುದು, ಬಿಪಿ ಎತ್ತುವ ಔಷಧ, ಇವೂ ಸೇರಿಕೊಳ್ಳುತ್ತವೆ.

ಅಲ್ಲಿನ ಡಾಕ್ಟರ್ ಹತ್ತಿರ ನೀವು ಕೇಳಬಹುದಾದ ಪ್ರಶ್ನೆಗಳಿವೆ, ಜಗಳಕ್ಕಲ್ಲ, ತಿಳಿದುಕೊಳ್ಳಲಿಕ್ಕೆ. ಮತ್ತಿನ ಔಷಧ ದಿನಕ್ಕೊಮ್ಮೆ ಕಡಿಮೆ ಮಾಡಿ ನೋಡುತ್ತೀರಾ? ತಲೆಯ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತಿದ್ದೀರಾ? ಜಠರ ಚುರುಕು ಮಾಡುವ ಮೆಟೊಕ್ಲೊಪ್ರಮೈಡ್ ಅಥವಾ ಎರಿಥ್ರೊಮೈಸಿನ್ ಕೊಡಬಹುದೇ? (ಎರಿಥ್ರೊಮೈಸಿನ್ ಆಂಟಿಬಯಾಟಿಕ್ ಹೌದು, ಆದರೆ ಸಣ್ಣ ಪ್ರಮಾಣದಲ್ಲಿ ಜಠರವನ್ನು ಹಿಂಡಿಸುತ್ತದೆ.) ಅದರಿಂದಲೂ ಆಗದಿದ್ದರೆ ಪೈಪನ್ನು ಜಠರ ದಾಟಿಸಿ ಸಣ್ಣ ಕರುಳಿನ ತನಕ ಇಳಿಸುವ ದಾರಿ ಇದೆ. ಪೈಪಿನಿಂದ ಸ್ವಲ್ಪ ವಾಪಸ್ ಬಂದ ಮಾತ್ರಕ್ಕೆ ಪೂರ್ತಿ ನಿಲ್ಲಿಸಬೇಕಿಲ್ಲ. ಒಂದು ಸಲಕ್ಕೆ 500 ಮಿಲಿಲೀಟರ್‌ಗಿಂತ ಕಡಿಮೆ ಇದ್ದು, ಬೇರೆ ತೊಂದರೆ ಕಾಣದಿದ್ದರೆ, ನಿಧಾನವಾಗಿ ಮುಂದುವರಿಸಬಹುದು ಅನ್ನುವುದು ಈಗಿನ ಅಭಿಪ್ರಾಯ.

ಇನ್ನೊಂದು, ಕದ್ದುಮುಚ್ಚಿ ಪೈಪಿನಲ್ಲಿ ಮನೆಯ ಹಾಲು, ತೀರ್ಥ ಬಿಡಬೇಡಿ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನೋಡಿದ್ದೇನೆ. ದಯವಿಟ್ಟು ಬೇಡ.

ಪ್ರಶ್ನೆ: ನಮ್ಮವ್ವನಿಗೆ ಕ್ಯಾನ್ಸರ್. ಮಾರ್ಫಿನ್ ಮಾತ್ರೆ ಶುರು ಮಾಡಿ ಎರಡು ವಾರ ಆಯಿತು. ನೋವು ಇಳಿದಿದೆ, ರಾತ್ರಿ ಮಲಗುತ್ತಾಳೆ. ಆದರೆ ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಅನ್ನುತ್ತಾಳೆ, ಹೊಟ್ಟೆ ಉಬ್ಬುತ್ತದೆ, ಐದು ದಿನದಿಂದ ಸಂಡಾಸ್ ಆಗಿಲ್ಲ. ಇಸಬ್‌ಗೋಲ್ ಕೊಡುತ್ತಿದ್ದೇವೆ. ಸಂಬಂಧಿಕರು 'ಅಫೀಮು ತಿನ್ನಿಸಬೇಡಿ, ನಿಲ್ಲಿಸಿ' ಅಂತಾರೆ. (ಹುಮನಾಬಾದ್‌ನಿಂದ ಮಗಳು)

ಉತ್ತರ: ತಂಗೀ, ಮಾರ್ಫಿನ್ ನಿಲ್ಲಿಸಬೇಡ. ನಿಲ್ಲಿಸಬೇಕಾದದ್ದು ಇಸಬ್‌ಗೋಲ್. ಮತ್ತೆ ಐದು ದಿನ ಅಂದರೆ ಜಾಸ್ತಿಯೇ ಆಯಿತು, ಇವತ್ತೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡು.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡುವುದು ಚಟಕ್ಕಲ್ಲ. ನಮ್ಮ ದೇಶದಲ್ಲಿ ಇದು ರೋಗಿಗಳಿಗೆ ಸುಲಭವಾಗಿ ಸಿಗಲಿ ಅಂತಲೇ ಮಾದಕ ವಸ್ತು ಕಾಯ್ದೆಯನ್ನು 2014ರಲ್ಲಿ ತಿದ್ದಿದರು. ಅವ್ವ ರಾತ್ರಿ ಮಲಗುತ್ತಾಳೆ ಅಂತ ಬರೆದಿದ್ದೀಯಲ್ಲ, ಆ ನಿದ್ದೆಯನ್ನು ಯಾರ ಮಾತಿಗೂ ಕಳೆದುಕೊಳ್ಳಬೇಡ. ಒಮ್ಮೆಲೇ ನಿಲ್ಲಿಸಿದರೆ ನೋವು ವಾಪಸ್ ಬರುವುದರ ಜೊತೆಗೆ ಬೆವರು, ನಡುಕ, ಭೇದಿ, ಚಡಪಡಿಕೆ ಎಲ್ಲ ಬರುತ್ತವೆ.

ಮಾರ್ಫಿನ್‌ನ ಬೇರೆ ತೊಂದರೆಗಳು ದೇಹಕ್ಕೆ ರೂಢಿಯಾಗುತ್ತವೆ. ವಾಕರಿಕೆ, ತೂಕಡಿಕೆ ಬಹಳ ಜನಕ್ಕೆ ಒಂದು ವಾರದಲ್ಲಿ ತಗ್ಗುತ್ತವೆ. ಮಲಬದ್ಧತೆ ಮಾತ್ರ ತಗ್ಗುವುದಿಲ್ಲ, ಕರುಳಿಗೆ ಅದು ರೂಢಿಯಾಗುವುದೇ ಇಲ್ಲ. ಅದಕ್ಕೇ ಮಾರ್ಫಿನ್ ಬರೆಯುವ ದಿನವೇ ಅದರ ಜೊತೆ ಭೇದಿ ಮಾಡಿಸುವ ಮಾತ್ರೆಯನ್ನೂ ಬರೆಯಬೇಕು. ಚೀಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳುವ ಹಕ್ಕು ನಿಮಗಿದೆ. ಬಿಸಾಕೊಡಿಲ್ ಅಥವಾ ಸೆನ್ನಾದಂತೆ ಕರುಳನ್ನು ಕೆಲಸಕ್ಕೆ ಹಚ್ಚುವಂಥದ್ದು, ಅಥವಾ ಲ್ಯಾಕ್ಟುಲೋಸ್, ಪಾಲಿಎಥಿಲಿನ್ ಗ್ಲೈಕಾಲ್ ಥರ ನೀರು ಎಳೆದು ಮೆತ್ತಗೆ ಮಾಡುವಂಥದ್ದು ಬೇಕು. ಇಸಬ್‌ಗೋಲ್ ಹೊಟ್ಟೆಯೊಳಗೆ ಉಬ್ಬುವ ವಸ್ತು. ಚಲನೆಯೇ ಇಲ್ಲದ ಕರುಳಿನಲ್ಲಿ, ನೀರೂ ಕಡಿಮೆ ಕುಡಿಯುವವರಲ್ಲಿ, ಅದು ಗಟ್ಟಿಯಾಗಿ ಕೂತು ತೊಂದರೆ ಜಾಸ್ತಿ ಮಾಡುತ್ತದೆ.

ಎರಡು ತುತ್ತಿಗೆ ಹೊಟ್ಟೆ ತುಂಬುವುದು ಜಠರ ನಿಧಾನವಾಗಿರುವುದರಿಂದ ಇರಬಹುದು, ಕೆಳಗೆ ತುಂಬಿಕೊಂಡಿರುವುದರಿಂದಲೂ ಇರಬಹುದು. ರೊಟ್ಟಿ ಒಂದು ಸಲಕ್ಕೆ ತಿನ್ನಿಸುವ ಬದಲು ಎರಡೆರಡು ತಾಸಿಗೆ ಅರ್ಧ ಲೋಟ ಅಂಬಲಿ, ತೊಗರಿ ಬೇಳೆ ಕಟ್ಟು, ಮೆತ್ತಗಿನ ಅನ್ನ ಮಜ್ಜಿಗೆ ಹೀಗೆ ಕೊಡು. ತಿಂದ ಮೇಲೆ ಒಂದು ತಾಸು ದಿಂಬಿಗೆ ಒರಗಿ ಕೂರಲಿ. ಊಟಕ್ಕೆ ಅರ್ಧ ತಾಸು ಮುಂಚೆ ಮೆಟೊಕ್ಲೊಪ್ರಮೈಡ್ ಅಥವಾ ಡೊಂಪೆರಿಡೋನ್ ಬೇಕೇ ಅಂತ ಡಾಕ್ಟರ್ ನಿರ್ಧರಿಸಬೇಕು, ಯಾಕಂದರೆ ಕರುಳು ಎಲ್ಲಾದರೂ ಕಟ್ಟಿಕೊಂಡಿದ್ದರೆ ಅವು ಅಪಾಯ. ಹೊಟ್ಟೆ ಉಬ್ಬಿ ಬಿಗಿಯಾಗಿ, ಗಾಳಿಯೂ ಹೋಗದೆ, ಹಿಂಡುವ ನೋವು, ಹಸಿರು ವಾಂತಿ ಬಂದರೆ ಬೆಳಗಾಗುವ ತನಕ ಕಾಯಬೇಡ, ಆಸ್ಪತ್ರೆಗೆ ಹೊರಡು.

ಮಾತ್ರೆ ನುಂಗಲಾಗದೆ ಫೆಂಟನಿಲ್ ಪ್ಯಾಚ್‌ಗೆ ಬದಲಾಯಿಸಿದರೆ ಮಲಬದ್ಧತೆ ಸ್ವಲ್ಪ ಕಡಿಮೆ ಇರುತ್ತದೆ. ಆದರೆ ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಡಬಾರದು, ಅದನ್ನು ಹಚ್ಚಿಕೊಂಡು ಬಿಸಿಲಲ್ಲಿ ಕೂರಬಾರದು. ಬಿಸಿಗೆ ಔಷಧ ಒಮ್ಮೆಲೇ ಜಾಸ್ತಿ ಒಳಗೆ ಹೋಗಿ ಉಸಿರು ತಗ್ಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ಮರೆಯಲೇಬಾರದು. ಅವ್ವನಿಗೆ ಜ್ವರ ಬಂದರೂ ಡಾಕ್ಟರ್‌ಗೆ ತಿಳಿಸು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಹಲವು ವರ್ಷದಿಂದ ರಾತ್ರಿ ನಿದ್ದೆಗೆ ಅಲ್ಪ್ರಜೋಲಾಮ್ ತಗೊಳ್ಳುತ್ತೇನೆ. ನನ್ನ ಅಜೀರ್ಣಕ್ಕೆ ಅದೇ ಕಾರಣವೇ? ಮುಂದಿನ ತಿಂಗಳು ಹರ್ನಿಯಾ ಆಪರೇಷನ್ ಇದೆ. ನಿಲ್ಲಿಸಲೇ? (ಯಾದಗಿರಿ)

ಉತ್ತರ: ಸರ್, ಅಲ್ಪ್ರಜೋಲಾಮ್, ಡಯಜೆಪಾಮ್, ಕ್ಲೊನಜೆಪಾಮ್ ಗುಂಪಿನ ಮಾತ್ರೆಗಳು ಮಾಮೂಲಿ ಪ್ರಮಾಣದಲ್ಲಿ ಜಠರ ಖಾಲಿಯಾಗುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಅಜೀರ್ಣಕ್ಕೆ ಬೇರೆ ಕಾರಣ ಹುಡುಕಿ. ಸಕ್ಕರೆ ಕಾಯಿಲೆ ಇದೆಯೇ? ನರದ ನೋವಿಗೆ ಅಮಿಟ್ರಿಪ್ಟಿಲಿನ್ ತಗೊಳ್ಳುತ್ತೀರಾ? ಹೊಟ್ಟೆ ಹಿಡಿತಕ್ಕೆ ಡೈಸೈಕ್ಲೊಮಿನ್ ಇರುವ ಮಾತ್ರೆ ಪದೇ ಪದೇ ನುಂಗುತ್ತೀರಾ? ಇವೆರಡೂ ಜಠರವನ್ನು ನಿಧಾನ ಮಾಡುವಂಥವು.

ನಿದ್ದೆ ಮಾತ್ರೆಯ ಅಪಾಯ ಇರುವುದು ಹೊಟ್ಟೆಯಲ್ಲಲ್ಲ, ಗಂಟಲಲ್ಲಿ. ಅದು ಕೆಮ್ಮು, ನುಂಗುವಿಕೆ, ಎಚ್ಚರ ಎಲ್ಲವನ್ನೂ ಮಂಕು ಮಾಡುತ್ತದೆ. ಅಫೀಮಿನ ಗುಂಪಿನ ಔಷಧ ಹೊಟ್ಟೆ ತುಂಬಿಸಿ ಇಡುತ್ತದೆ, ನಿದ್ದೆ ಔಷಧ ಕಾವಲು ತೆಗೆಯುತ್ತದೆ. ಎರಡೂ ಒಟ್ಟಿಗೆ ಸೇರಿದರೆ ಉಸಿರಾಟವೂ ತಗ್ಗುತ್ತದೆ. ಆಪರೇಷನ್ ಆದ ಮೇಲೆ ಮನೆಗೆ ಟ್ರಮಡಾಲ್ ಮಾತ್ರೆ ಕೊಟ್ಟರೆ, ಅದರ ಜೊತೆ ರಾತ್ರಿ ಅಲ್ಪ್ರಜೋಲಾಮ್ ನುಂಗಬಹುದೇ ಅಂತ ಕೇಳದೆ ನುಂಗಬೇಡಿ. ಈಗ ನೀವಾಗಿ ನಿಲ್ಲಿಸಲೂ ಬೇಡಿ. ವರ್ಷಗಟ್ಟಲೆ ತಗೊಂಡದ್ದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಅರಿವಳಿಕೆ ಡಾಕ್ಟರ್‌ಗೆ ಹೆಸರು, ಪ್ರಮಾಣ ಹೇಳಿ, ಅವರು ಹೇಳಿದಂತೆ ಮಾಡಿ.

ಪ್ರಶ್ನೆ: ನನಗೆ ಅರೆತಲೆನೋವು. ನೋವು ಏರಿದ ಮೇಲೆ ಯಾವ ಮಾತ್ರೆ ನುಂಗಿದರೂ ಕೆಲಸ ಮಾಡುವುದಿಲ್ಲ. ಎರಡು ತಾಸಿನ ನಂತರ ವಾಂತಿಯಲ್ಲಿ ಹಾಗೇ ಬಂದುಬಿಡುತ್ತದೆ. ಮಾತ್ರೆ ನಕಲಿಯೇ? (ಶಹಾಪುರದ ಓದುಗರು, ಅಂಗನವಾಡಿ ಕಾರ್ಯಕರ್ತೆ)

ಉತ್ತರ: ಮಾತ್ರೆ ಸರಿಯಾಗಿಯೇ ಇದೆ, ಅದು ತಲುಪಬೇಕಾದ ಜಾಗ ತಲುಪುತ್ತಿಲ್ಲ. ಪ್ಯಾರಾಸಿಟಮಾಲ್ ರಕ್ತಕ್ಕೆ ಸೇರುವುದು ಜಠರದಲ್ಲಲ್ಲ, ಸಣ್ಣ ಕರುಳಿನಲ್ಲಿ. ಜಠರ ಕೆಳಗೆ ಬಿಡದಿದ್ದರೆ ಅದು ಕಾಯುತ್ತಾ ಕೂರುತ್ತದೆ. 1973ರಲ್ಲಿ ಎಡಿನ್‌ಬರಾದ ವೈದ್ಯರು ಇದನ್ನು ಅಳೆದು ತೋರಿಸಿದರು. ಆಮೇಲೆ ಇದನ್ನೇ ಉಲ್ಟಾ ಮಾಡಿ, ಪ್ಯಾರಾಸಿಟಮಾಲ್ ಕೊಟ್ಟು ರಕ್ತದಲ್ಲಿ ಎಷ್ಟು ಬೇಗ ಕಾಣಿಸುತ್ತದೆ ಅಂತ ನೋಡಿ, ಜಠರ ಎಷ್ಟು ಚುರುಕಾಗಿದೆ ಅಂತ ತಿಳಿಯಲು ಬಳಸಿದರು. 1975ರಲ್ಲಿ ಅದೇ ರೀತಿ ನೋಡಿದಾಗ, ಪೆಥಿಡಿನ್ ಕೊಟ್ಟವರಲ್ಲಿ ನುಂಗಿದ ಪ್ಯಾರಾಸಿಟಮಾಲ್ ರಕ್ತಕ್ಕೆ ಸೇರುವುದು ಬಹಳ ತಡವಾಗಿತ್ತು.

ಅರೆತಲೆನೋವು ಬಂದಾಗ ಔಷಧವೇ ಇಲ್ಲದೆ ಜಠರ ತಾನಾಗಿ ಮಂದವಾಗಬಹುದು. ಆದ್ದರಿಂದ ನೋವು ಶುರುವಾಗುವ ಸೂಚನೆ ಕಂಡ ಕೂಡಲೇ ನುಂಗಿ. 'ಅಂಗನವಾಡಿ ಕೆಲಸ ಮುಗಿಯಲಿ, ಆಮೇಲೆ ನೋಡೋಣ' ಅಂತ ಸಹಿಸಿಕೊಳ್ಳಬೇಡಿ. ಒಂದು ಲೋಟ ನೀರಿನ ಜೊತೆ ನುಂಗಿ. ಡಾಕ್ಟರ್ ಕೇಳಿ ಡೊಂಪೆರಿಡೋನ್ ಸೇರಿದ ಮಾತ್ರೆ ಬರೆಸಿಕೊಳ್ಳಬಹುದು, ಅದು ವಾಂತಿ ತಡೆದು ಜಠರವನ್ನೂ ಚುರುಕು ಮಾಡುತ್ತದೆ. ವಾಂತಿ ಜಾಸ್ತಿ ಇರುವವರಿಗೆ ಮೂಗಿಗೆ ಹೊಡೆಯುವ ಅಥವಾ ಚರ್ಮದಡಿ ಚುಚ್ಚುವ ಸುಮಾಟ್ರಿಪ್ಟಾನ್ ಇದೆ, ಹೃದಯದ ಕಾಯಿಲೆ ಇದ್ದವರಿಗೆ ಅದು ಬೇಡ. ಟ್ರಮಡಾಲ್ ಕೇಳಲೇಬೇಡಿ, ನಿಂತ ಹೊಟ್ಟೆಯನ್ನು ಇನ್ನೂ ನಿಲ್ಲಿಸುತ್ತದೆ. ತಿಂಗಳಲ್ಲಿ ಅರ್ಧದಷ್ಟು ದಿನಗಳು ನೋವಿನ ಮಾತ್ರೆ ನುಂಗುವಂತಾದರೆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ಆಗ ನೋವು ಬರದಂತೆ ತಡೆಯುವ ಚಿಕಿತ್ಸೆ ಬೇಕು.

ಪ್ರಶ್ನೆ: ಎಂಡೋಸ್ಕೋಪಿಗೆ ಬೆಳಿಗ್ಗೆ 10ಕ್ಕೆ ಬನ್ನಿ, ಸ್ವಲ್ಪ ಮತ್ತು ಕೊಡುತ್ತೇವೆ ಅಂದಿದ್ದಾರೆ. 7ಕ್ಕೆ ಬರೀ ಚಹಾ ಕುಡಿಯಬಹುದಾ? ಗುಟ್ಕಾ? (ಆಳಂದ)

ಉತ್ತರ: ನಮ್ಮ ಚಹಾದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲೇ ಇರುತ್ತದೆ. ಅದು ಊಟದ ಲೆಕ್ಕ, 6 ತಾಸು. ಹಾಲು ಹೊಟ್ಟೆಯಲ್ಲಿ ಹೆಪ್ಪಾಗಿ ಗಟ್ಟಿಯಾಗುತ್ತದೆ. ಹಾಲಿಲ್ಲದ ಕರಿ ಚಹಾ, ನೀರು 8ರ ತನಕ ಕುಡಿಯಬಹುದು, ಬೇರೆ ಸೂಚನೆ ಕೊಟ್ಟಿದ್ದರೆ ಅದೇ ಮುಖ್ಯ. ಹಿಂದಿನ ರಾತ್ರಿ ಮಿರ್ಚಿ ಭಜಿ, ಮಾಲ್ಪುರಿ ಬೇಡ. ಗುಟ್ಕಾ ಬೇಡವೇ ಬೇಡ. ಅದರ ರಸ, ಚೂರು ಬಾಯಲ್ಲಿದ್ದರೆ ಮತ್ತಿನಲ್ಲಿ ಉಸಿರಿನ ದಾರಿಗೆ ಹೋಗುತ್ತದೆ. ಮತ್ತಿಗೆ ಪ್ರೊಪೊಫಾಲ್ ಅಥವಾ ಮಿಡಜೋಲಾಮ್ ಕೊಟ್ಟರೆ ಜಠರ ನಿಧಾನವಾಗುವ ಚಿಂತೆ ಅಷ್ಟಿಲ್ಲ, ಜೊತೆಗೆ ಫೆಂಟನಿಲ್ ಸೇರಿಸಿದ್ದರೆ ಆ ದಿನ ಮೊದಲ ಊಟ ಹಗುರವಾಗಿರಲಿ.

ಪ್ರಶ್ನೆ: ನನ್ನ ಅಣ್ಣ ದಿನಾ ಸೇಂದಿ ಕುಡಿಯುತ್ತಾನೆ. ಅಪೆಂಡಿಕ್ಸ್ ಆಪರೇಷನ್‌ಗೆ ಹೋದಾಗ ಡಾಕ್ಟರ್‌ಗೆ ಹೇಳಲು ಬಿಡಲಿಲ್ಲ. ಹೇಳಬೇಕಿತ್ತಾ? (ಹೆಸರು ಬೇಡ, ಗುರುಮಠಕಲ್)

ಉತ್ತರ: ಖಂಡಿತ ಹೇಳಬೇಕಿತ್ತು. ಕಲಬೆರಕೆ ಸೇಂದಿಯಲ್ಲಿ ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ಡಯಜೆಪಾಮ್, ಅಲ್ಪ್ರಜೋಲಾಮ್ ಬೆರೆಸುವುದು ಗಡಿಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಇವೆಲ್ಲ ಮತ್ತು ಬರಿಸುವ ಔಷಧಗಳೇ. ದಿನಾ ಕುಡಿಯುವವರಿಗೆ ನಾವು ಕೊಡುವ ಪ್ರಮಾಣದ ಲೆಕ್ಕ ತಪ್ಪುತ್ತದೆ. ಕುಡಿದು ಬಂದರೆ ಗಂಟಲ ಕಾವಲು ಮೊದಲೇ ಹೋಗಿರುತ್ತದೆ. ಆಸ್ಪತ್ರೆಯಲ್ಲಿ ಎರಡು ಮೂರು ದಿನ ಸಿಗದಿದ್ದರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು. ನಾವು ಪೊಲೀಸರಿಗೆ ಹೇಳಲು ಕೇಳುವುದಲ್ಲ. ಹೆಂಡತಿ ಮಕ್ಕಳ ಎದುರು ಹೇಳಲು ನಾಚಿಕೆ ಆದರೆ ಅವರನ್ನು ಹೊರಗೆ ಕಳಿಸಿ ಒಬ್ಬನೇ ಹೇಳಲಿ, ಸಾಕು.

ಪ್ರಶ್ನೆ: ಸಕ್ಕರೆ ಮತ್ತು ತೂಕಕ್ಕೆ ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ಳುತ್ತೇನೆ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಇದೆ. ಇದು ನೋವಿನ ಔಷಧವೂ ಅಲ್ಲ, ನಿದ್ದೆಯದ್ದೂ ಅಲ್ಲ. ಹೇಳಬೇಕಾ? (ಬಸವಕಲ್ಯಾಣ)

ಉತ್ತರ: ಹೇಳಲೇಬೇಕು. ಈ ಇಂಜೆಕ್ಷನ್ ಹಸಿವು ಕಡಿಮೆ ಮಾಡುವ ಒಂದು ದಾರಿಯೇ ಜಠರವನ್ನು ನಿಧಾನ ಮಾಡುವುದು. 8 ತಾಸು ಉಪವಾಸ ಇದ್ದರೂ ಕೆಲವರಲ್ಲಿ ಊಟ ಉಳಿದಿರುತ್ತದೆ. 2023ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘ, ವಾರದ ಇಂಜೆಕ್ಷನ್ ಆದರೆ ಆಪರೇಷನ್‌ಗೆ ಒಂದು ವಾರ ಮುಂಚೆ ನಿಲ್ಲಿಸಿ ಅಂದಿತ್ತು. 2024ರಲ್ಲಿ ಹಲವು ಸಂಘಗಳು ಸೇರಿ ಅದನ್ನು ಸಡಿಲ ಮಾಡಿದವು: ಹೆಚ್ಚಿನವರು ಮುಂದುವರಿಸಬಹುದು, ಆದರೆ ಅಪಾಯ ಹೆಚ್ಚಿರುವವರು ಹಿಂದಿನ 24 ತಾಸು ದ್ರವ ಆಹಾರದಲ್ಲೇ ಇರಲಿ, ಅನುಮಾನ ಇದ್ದರೆ ಹೊಟ್ಟೆ ಸ್ಕ್ಯಾನ್ ಮಾಡಿ ನೋಡಲಿ ಅಂತ. ಹೊಸದಾಗಿ ಶುರು ಮಾಡಿ ಪ್ರಮಾಣ ಏರಿಸುತ್ತಿರುವವರಿಗೆ, ವಾಕರಿಕೆ, ಹೊಟ್ಟೆ ಉಬ್ಬರ ಇರುವವರಿಗೆ ಅಪಾಯ ಜಾಸ್ತಿ. ನಿಮಗೆ ಸಕ್ಕರೆ ಬೇರೆ ಇದೆ, ಅದು ಹಳೆಯದಾಗಿದ್ದರೆ ಜಠರದ ನರಗಳು ಮೊದಲೇ ಸೋತಿರಬಹುದು. ಕಲ್ಲಿನ ನೋವಿಗೆ ಆಗಾಗ ಟ್ರಮಡಾಲ್, ಡೈಸೈಕ್ಲೊಮಿನ್ ತಗೊಂಡಿದ್ದರೆ ಅದೂ ಸೇರಿತು. ಕಡೆಯ ಇಂಜೆಕ್ಷನ್ ಯಾವ ದಿನ ತಗೊಂಡಿರಿ, ಈಗ ಎಷ್ಟು ಮಿಲಿಗ್ರಾಂ ನಡೀತಿದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು, ದಾಖಲಾಗುವ ದಿನವಲ್ಲ, ತಪಾಸಣೆಗೆ ಕರೆದ ಮೊದಲ ದಿನವೇ ಅರಿವಳಿಕೆ ಡಾಕ್ಟರ್ ಕೈಗೆ ಕೊಡಿ.